ನಿಮಿಷಕ್ಕೆ ಮೂರು ಅಲೆ

ಕಾಸಿಂಸಾಬರ ಮನೆಯ ಪಡಸಾಲೆಯಲ್ಲಿ ಅಂಗಿ ಬನಿಯನ್ ಕಳಚಿ ದಿವಾನದ ಮೇಲೆ ಅಂಗಾತ ಮಲಗಿದಾಗ ಗುರುರಾಜನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ನಿನ್ನೆ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ತಿಂದ ಆರು ಮಿರ್ಚಿ ಭಜಿ ಎಲ್ಲಿ ಹೋದವು? ಹಸಿವೆಯಾಗಿ ತಿಂದದ್ದಲ್ಲ. ಹೊಟ್ಟೆ ಕೆಡಲಿ ಎಂದೇ ಇಂಡಿಯಿಂದ ಸಿಂದಗಿಯವರೆಗೆ ಬಸ್ಸಿನಲ್ಲಿ ಹೋಗಿ, ಪರಿಚಯದವರ ಕಣ್ಣಿಗೆ ಬೀಳದ ಹಾಗೆ ಗಾಡಿಯ ಹಿಂದೆ ನಿಂತು, ಖಾರದ ಕಾಯಿಗಳನ್ನೇ ಆರಿಸಿ ತಿಂದಿದ್ದ. ಮೇಲೆ ಎರಡು ಕಪ್ ಕಡಕ್ ಚಹಾ. ಬರುವಾಗ ಬಸ್ಸಿನ ಕೊನೆಯ ಸೀಟು ಹಿಡಿದಿದ್ದ, ಕುಲುಕಾಟಕ್ಕಾದರೂ ಏನಾದರೂ ಆಗಲಿ ಎಂದು. ಏನೂ ಆಗಲಿಲ್ಲ. ಒಳ್ಳೆಯ ನಿದ್ದೆ ಬಂತು, ಬೆಳಿಗ್ಗೆ ಐದಕ್ಕೆ ಹೊಟ್ಟೆ ಚೊಕ್ಕಟವಾಗಿ ಖಾಲಿಯಾಯಿತು, ಆರಕ್ಕೆ ಹಸಿವೆ ಶುರುವಾಯಿತು. ಐವತ್ತೆಂಟು ವರ್ಷ ಹಾಕಿದ್ದನ್ನೆಲ್ಲ ಅರಗಿಸಿಕೊಂಡು ಬಂದ ಹೊಟ್ಟೆ ಇದು, ಒಂದು ದಿನದ ಮಟ್ಟಿಗೆ ಮಾಲೀಕನ ಮಾನ ಕಾಯಲು ಕೆಡಬಾರದೆ ಎಂದು ಅವನಿಗೆ ಸಿಟ್ಟೇ ಬಂತು.

ಇಪ್ಪತ್ತೆರಡು ವರ್ಷದಿಂದ ಗುರುರಾಜನ ಹೊಟ್ಟೆಗೆ ರೋಗವಿತ್ತು, ಈ ಮನೆಯಲ್ಲಿ ಮಾತ್ರ. ಹೊಸ್ತಿಲು ದಾಟಿ ಬೀದಿಗಿಳಿದ ಕೂಡಲೇ ವಾಸಿಯಾಗುವ ರೋಗ ಅದು. ಮುದ್ದೇಬಿಹಾಳದಿಂದ ಇಂಡಿಯ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ವರ್ಗವಾಗಿ ಬಂದ ವರ್ಷವೇ ಕನ್ನಡದ ಮಾಸ್ತರರಾದ ಕಾಸಿಂಸಾಬರು ರಮಜಾನ್ ಹಬ್ಬಕ್ಕೆ ಇಡೀ ಸ್ಟಾಫನ್ನು ಮನೆಗೆ ಕರೆದಿದ್ದರು. ಡ್ರಿಲ್ ಮಾಸ್ತರ ಶಂಕರೆಪ್ಪ ಬಾಗಿಲಲ್ಲೇ ನಿಂತು, 'ನಾವು ಹೊರಗ ಉಣ್ಣಂಗಿಲ್ರಿ ಸಾಬ್ರ, ಒಂದು ಬಾಳಿಹಣ್ಣ ಕೊಟ್ಟಬಿಡ್ರಿ' ಎಂದು ಇದ್ದದ್ದು ಇದ್ದ ಹಾಗೆ ಹೇಳಿ, ಎಲ್ಲರೂ ನಕ್ಕು, ಹಣ್ಣು ಬಂದು, ಆ ಮಾತು ಅಲ್ಲಿಗೇ ಮುಗಿದುಹೋಗಿತ್ತು. ಮೂರನೆಯ ವರ್ಷದ ಹಬ್ಬಕ್ಕೆ ಅದೇ ಶಂಕರೆಪ್ಪ ಸುರಕುಂಬಾ ಪಾಯಸದ ಬಟ್ಟಲನ್ನು ಎರಡನೆಯ ಸಲ ಮುಂದೆ ಚಾಚಿದ್ದ. ಆ ಮೊದಲ ವರ್ಷ ಗುರುರಾಜನಿಗೆ ಹಾಗೆ ಹೇಳುವ ಧೈರ್ಯವಿರಲಿಲ್ಲ. ಹಿಂದಿನ ತಿಂಗಳಷ್ಟೇ ಶಾಲೆಯಲ್ಲಿ ಮೂಢನಂಬಿಕೆಯ ವಿರುದ್ಧ ಮುಕ್ಕಾಲು ತಾಸು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದವನು ಅವನು. ಮನೆಯಲ್ಲಿ ನೋಡಿದರೆ ತಾಯಿ ರಂಗೂಬಾಯಿ, ಮಗ ಹೊರಗಿನಿಂದ ಬಂದರೆ ಉಸಿರಿನ ವಾಸನೆ ಹಿಡಿದು ಏನು ತಿಂದು ಬಂದನೆಂದು ಹೇಳಬಲ್ಲವಳು. ಭಾಷಣಕ್ಕೂ ತಾಯಿಗೂ ನಡುವೆ ಸಿಕ್ಕಿಬಿದ್ದವನ ಮುಂದೆ ಕಾಸಿಂಸಾಬರ ಹೆಂಡತಿ ಖಾತುನಬಿ ಬಟ್ಟಲು ಹಿಡಿದು ನಿಂತಾಗ ಬಾಯಿಗೆ ಬಂದದ್ದು, 'ಹೊಟ್ಟಿ ಸರಿ ಇಲ್ರಿ ಭಾಬಿ. ಭಾಳ ವರ್ಷದ್ದು.' ಭಾಳ ವರ್ಷದ್ದು ಎಂದು ಸೇರಿಸಿದ್ದೇ ಕೆಟ್ಟಿತು. ಅಂದಿನ ಮಟ್ಟಿಗೆ ಎಂದಿದ್ದರೆ ಅಂದಿಗೇ ಮುಗಿಯುತ್ತಿತ್ತು.

ಖಾತುನಬಿ ನಂಬಿದಳು. ನಂಬಿದ್ದಷ್ಟೇ ಅಲ್ಲ, ಆ ರೋಗವನ್ನು ಕೈಗೆತ್ತಿಕೊಂಡಳು. ಓಂಕಾಳು ಹುರಿದು ಸೈಂಧವ ಉಪ್ಪು ಬೆರೆಸಿದ ಪುಡಿ, ದಾಳಿಂಬೆ ಸಿಪ್ಪೆಯ ಕಷಾಯ, ನಿಂಬೆಯ ಒಣಗಿಸಿದ ಹೋಳು, ಎಲ್ಲವೂ ಡಬ್ಬಿಗಳಲ್ಲಿ ಗುರುರಾಜನ ಮನೆ ಸೇರಿದವು. ಪ್ರತಿ ಗುರುವಾರ ದರ್ಗಾದಲ್ಲಿ ಅವನ ಹೊಟ್ಟೆಯ ಸಲುವಾಗಿ ಸಕ್ಕರೆಯ ಮೇಲೆ ಫಾತೆಹಾ ಓದಿಸಿ ಪುಡಿಕೆ ಕಟ್ಟಿ ಕಳಿಸಿದಳು. ಆ ಸಕ್ಕರೆಯನ್ನು ರಂಗೂಬಾಯಿ ಎರಡು ಬೆರಳಿನ ತುದಿಯಿಂದ ಎತ್ತಿ ತುಳಸಿಕಟ್ಟೆಯ ಇರುವೆಗಳಿಗೆ ಹಾಕುತ್ತಿದ್ದಳು. ಇಂಡಿಯಲ್ಲಿ ಅಷ್ಟು ಆರೋಗ್ಯವಂತ ಇರುವೆಗಳು ಬೇರೆಲ್ಲೂ ಇರಲಿಕ್ಕಿಲ್ಲ. ತಾಯಿ ತೀರಿ ಎಂಟು ವರ್ಷವಾಯಿತು. ಆಮೇಲೆ ತಡೆಯುವವರು ಯಾರೂ ಇರಲಿಲ್ಲ. ಹಾಗೆ ನೋಡಿದರೆ ಅವನು ಮಡಿವಂತನೇ ಅಲ್ಲ, ಸೊಲ್ಲಾಪುರದ ಹೋಟೆಲುಗಳಲ್ಲಿ ಒಲೆಯ ಮುಂದೆ ಯಾರು ನಿಂತಿದ್ದಾರೆಂದು ಒಂದು ದಿನವೂ ಕೇಳಿದವನಲ್ಲ. ಆದರೆ ಈಗ ಉಂಡರೆ ಆಗ ಯಾಕೆ ಉಣ್ಣಲಿಲ್ಲ ಎಂಬುದಕ್ಕೆ ಉತ್ತರ ಕೊಡಬೇಕಲ್ಲ. ಹೀಗಾಗಿ ಕಾರಣ ಸತ್ತರೂ ಸುಳ್ಳು ಬದುಕಿತು, ಸುಳ್ಳಿಗೆ ಯಾವ ಇಲಾಖೆಯೂ ನಿವೃತ್ತಿ ಕೊಡುವುದಿಲ್ಲ.

'ಕಾಕಾ, ಹೊಟ್ಟಿ ಬಿಗಿ ಹಿಡೀಬ್ಯಾಡ್ರಿ. ಸಡ್ಲ ಬಿಡ್ರಿ' ಎಂದಳು ನಿಷತ.

ಕಾಸಿಂಸಾಬರ ಒಬ್ಬಳೇ ಮಗಳು. ವೈದ್ಯಕೀಯ ಕಾಲೇಜೊಂದರಲ್ಲಿ ಓದು ಮುಗಿಸಿ ಅಲ್ಲೇ ಸಂಶೋಧನೆಗೆ ನಿಂತವಳು, ರಜೆಗೆ ಬಂದಾಗ ಟಿಫಿನ್ ಡಬ್ಬಿಯಷ್ಟೇ ದೊಡ್ಡ ಒಂದು ಯಂತ್ರವನ್ನೂ ಲ್ಯಾಪ್‌ಟಾಪನ್ನೂ ಹೊತ್ತು ತರುತ್ತಿದ್ದಳು. ಹೊಟ್ಟೆಯ ಚರ್ಮದ ಮೇಲೆ ಬಿಲ್ಲೆಗಳನ್ನು ಅಂಟಿಸಿದರೆ ಒಳಗಿನ ಜಠರದ ವಿದ್ಯುತ್ತು ಪರದೆಯ ಮೇಲೆ ಅಲೆಯಾಗಿ ಕಾಣುತ್ತಿತ್ತು. 'ಎದಿಗೆ ಅಷ್ಟ ಅಲ್ರಿ ಕಾಕಾ, ಹೊಟ್ಟಿಗೂ ತಾಳ ಐತಿ. ಇಪ್ಪತ್ತು ಸೆಕೆಂಡಿಗೊಂದು ಅಲೆ, ನಿಮಿಷಕ್ಕ ಮೂರು' ಎಂದು ಅವಳು ಮೊದಲ ಸಲ ಹೇಳಿದಾಗ ಗುರುರಾಜ ಗೊತ್ತಿದ್ದವನಂತೆ ತಲೆಯಾಡಿಸಿದ್ದ. ಮೂವತ್ತು ವರ್ಷ ಪಚನಾಂಗದ ಪಾಠ ಮಾಡಿದ್ದ, ಬೋರ್ಡಿನ ಮೇಲೆ ಜಠರದ ಚಿತ್ರವನ್ನು ಕಣ್ಣುಮುಚ್ಚಿ ಬರೆಯುತ್ತಿದ್ದ, ಅದರಲ್ಲಿ ಕರೆಂಟು ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಹೋಗಿ ಹಳೆಯ ಪಠ್ಯಪುಸ್ತಕಗಳನ್ನೆಲ್ಲ ತಿರುವಿ ಹಾಕಿ, ಅವುಗಳಲ್ಲೂ ಇಲ್ಲವೆಂದು ಗೊತ್ತಾದ ಮೇಲೆಯೇ ಸಮಾಧಾನವಾಗಿತ್ತು.

ಆರೋಗ್ಯವಂತರ ಹೊಟ್ಟೆ ಹೀಗಿರಬೇಕೆಂದು ಬರೆದಿಟ್ಟ ಲೆಕ್ಕವೆಲ್ಲ ಪರದೇಶದವರದು, ಜೋಳದ ರೊಟ್ಟಿ ಉಣ್ಣುವ ಹೊಟ್ಟೆಯನ್ನು ಯಾರೂ ಅಳೆದಿಲ್ಲ ಎಂಬುದು ನಿಷತಳ ತಕರಾರು. ಎರಡು ವರ್ಷ ಅವಳು ಬಸ್ಸು, ಟೆಂಪೊ ಹತ್ತಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳನ್ನೆಲ್ಲ ತಿರುಗಿ ಮೂವತ್ತೊಂಬತ್ತು ಆರೋಗ್ಯವಂತ ಹೊಟ್ಟೆಗಳ ತಾಳವನ್ನು ಗುರುತು ಮಾಡಿಕೊಂಡಿದ್ದಳು. ಗೊಳಸಂಗಿಯ ದುರ್ಗವ್ವ ಎಂಬ ಮುದುಕಿಯ ಅಲೆ ಗಡಿಯಾರದ ಹಾಗೆ ಹೊಡೆಯುತ್ತದೆಂದು ಕಾಸಿಂಸಾಬರು ಊರಿಗೆಲ್ಲ ಹೇಳಿದ್ದರು. ಕೊನೆಗೆ ಅವಳ ಗೈಡು ಒಂದು ಮಾತು ಹಾಕಿದ್ದರು: ಹಳೆಯ ರೋಗಿಯೊಬ್ಬನನ್ನು ಇದೇ ಯಂತ್ರಕ್ಕೆ ಹಚ್ಚು. ಅವನ ಕೆಟ್ಟ ತಾಳವನ್ನು ಇದು ಹಿಡಿಯದಿದ್ದರೆ ನಿನ್ನ ಮೂವತ್ತೊಂಬತ್ತನ್ನೂ ನಾನು ನಂಬುವುದಿಲ್ಲ, ಹೊಸದಾಗಿ ಶುರು ಮಾಡು. ನಾಳೆ ಸೋಮವಾರ ಅವಳು ಅದನ್ನು ತೋರಿಸಬೇಕಿತ್ತು. ಹಳೆಯ ರೋಗಿ ಎಂದರೆ ಆ ಮನೆಯಲ್ಲಿ ಎಲ್ಲರಿಗೂ ಒಬ್ಬನೇ ನೆನಪಾಗುತ್ತಿದ್ದ.

ಫೋನಿನಲ್ಲಿ ಅವಳು ಕೇಳಿದಾಗ ಆಗುವುದಿಲ್ಲ ಎನ್ನಲು ಬಾಯಿ ತೆರೆದಿದ್ದ. ಆದರೆ ಅವಳು ಮೊದಲೇ ಹೇಳಿಬಿಟ್ಟಳು: 'ಕಾಕಾ, ನಾ ಸಣ್ಣಾಕಿ ಇದ್ದಾಗ ಎಲ್ಲಾರೂ ಉಣ್ಣಾಕ ಕುಂತ್ರ ನೀವೊಬ್ಬರ ಗೋಡಿಗೆ ಆನ್ಕೊಂಡ ಕುಂದರತಿದ್ರಿ. ಅದನ್ನ ನೋಡಿ ನೋಡಿ ನಾ ಹೊಟ್ಟಿ ವಿಷಯ ತಗೊಂಡೀನಿ.' ಗುರುರಾಜ ಬರುತ್ತೇನೆಂದು ಒಪ್ಪಿಕೊಂಡು ಫೋನು ಕೆಳಗಿಟ್ಟ. ಒಂದು ಹುಡುಗಿಯ ವಿದ್ಯೆ ತನ್ನ ಸುಳ್ಳಿನಿಂದ ಹುಟ್ಟಿತೆಂದು ಹೆಮ್ಮೆಪಡಬೇಕೋ ತಲೆ ತಗ್ಗಿಸಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ. ಅವಳು ಕಳಿಸಿದ ಪ್ರಶ್ನೆಗಳ ಹಾಳೆಯಲ್ಲಿ ಹೊಟ್ಟೆಯುಬ್ಬರ, ವಾಂತಿ, ಹುಳಿತೇಗು ಎಲ್ಲದಕ್ಕೂ 'ಹೌದು, ಬಹಳ' ಎಂದು ಗುರುತು ಹಾಕಿದ. ಅದೇ ಭರದಲ್ಲಿ ಗರ್ಭಿಣಿ ಇದ್ದೀರಾ ಎಂಬುದಕ್ಕೂ ಹಾಕಿ ಆಮೇಲೆ ಕಾಟು ಹೊಡೆದ. ಹೆಂಡತಿ ಸುಮೇಧಾ ಅವನ ಭುಜದ ಮೇಲಿಂದ ಇಣುಕಿ ನೋಡಿ, 'ಇಷ್ಟೆಲ್ಲಾ ಇದ್ದವರು ಬದುಕಿರ್ತಾರೇನ್ರಿ? ಇವತ್ತಿಗೂ ನಾ ಎರಡ್ಸಲ ಅನ್ನಾ ಬಸೀಬೇಕಾಗ್ತದ' ಎಂದಿದ್ದಳು.

ಹೆಣ್ಣುಮಗಳು ಮಾಡಬಾರದೆಂದು ಗಂಡಸರ ಹೊಟ್ಟೆಯ ತಯಾರಿಯನ್ನೆಲ್ಲ ಕಾಸಿಂಸಾಬರೇ ನೋಡಿಕೊಳ್ಳುತ್ತಿದ್ದರು. ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಪರೀಕ್ಷೆಯ ಪೇಪರು ತಿದ್ದುವಷ್ಟೇ ಲಕ್ಷ್ಯವಿಟ್ಟು ಗುರುರಾಜನ ಹೊಟ್ಟೆಯ ಮೇಲಿನ ನರೆಗೂದಲನ್ನು ರೇಜರಿನಿಂದ ತೆಗೆಯತೊಡಗಿದರು. ಜನಿವಾರವನ್ನು ಮೆಲ್ಲಗೆ ಎತ್ತಿ ಹೆಗಲ ಮೇಲೆ ಹಾಕಿದರು. ಅದರ ಕೆಳಗೆ ಗೋಪಿಚಂದನದ ನಾಮ ಒಣಗಿ ಬಿಳುಚಿಕೊಂಡಿತ್ತು. ತಿಂಗಳುಗಟ್ಟಲೆ ಸಂಧ್ಯಾವಂದನೆ ಮಾಡದವನು ಇವತ್ತು ಹೆದರಿಕೆಗೆ ಬೆಳಿಗ್ಗೆ ಎದ್ದು ಕೂತು ಎಲ್ಲ ನಾಮಗಳನ್ನೂ ಹಚ್ಚಿಕೊಂಡಿದ್ದ.

'ಬಿಲ್ಲಿ ಇಲ್ಲೇ ಹಚ್ಚಬೇಕಂತ್ರಿ ಗುರುರಾಯರ. ಇದನ್ನ ಒರಸಲ್ಯಾ? ಏನೂ ತಪ್ಪಿಲ್ಲ?'

'ಒರಸ್ರಿ, ಒರಸ್ರಿ. ಅದೇನದ ಅದರಾಗ' ಎಂದ ಗುರುರಾಜ, ಧಾರಾಳಿಯಂತೆ. ಕಾಸಿಂಸಾಬರು ಸ್ಪಿರಿಟಿನ ಹತ್ತಿಯಿಂದ ಒಂದೇ ಸಲಕ್ಕೆ ಎಳೆಯದೆ, ಅಂಚಿನಿಂದ ನಡುವಿಗೆ, ಬಹಳ ಮರ್ಯಾದೆಯಿಂದ ಒರೆಸಿದರು. ಆ ಹತ್ತಿಯನ್ನು ಕೂದಲಿನ ಜೊತೆ ಬುಟ್ಟಿಗೆಸೆಯದೆ ಬೇರೆ ಕಾಗದದಲ್ಲಿ ಮಡಿಸಿ ಕಿಟಕಿಯ ಮೇಲಿಟ್ಟರು. ಗುರುರಾಜನಿಗೆ ಹೊಟ್ಟೆ ಮುಚ್ಚಿಕೊಂಡು ಓಡಿಹೋಗಬೇಕೆನಿಸಿತು. ಇವರು ಬೈದರೆ ತಡೆದುಕೊಳ್ಳಬಹುದಿತ್ತು, ಈ ಮರ್ಯಾದೆಯನ್ನು ತಡೆಯುವುದು ಹೇಗೆ? ಚಳಿ ಹತ್ತಿದ ಹೊಟ್ಟೆ ಗುರ್ರೆಂದಿತು. 'ನೋಡ್ರಿ, ಬ್ಯಾನಿ ಶುರುವಾತು' ಎಂದರು ಕಾಸಿಂಸಾಬರು ಮರುಕದಿಂದ. ಅದು ಹಸಿವೆ ಎಂದು ಗುರುರಾಜ ಹೇಳಲಿಲ್ಲ.

ಬಿಲ್ಲೆಗಳನ್ನು ಅಂಟಿಸಿ, ವೈರು ಜೋಡಿಸಿ, ಮುಕ್ಕಾಲು ತಾಸು ಖಾಲಿ ಹೊಟ್ಟೆಯ ಅಳತೆ. ಮಾತಾಡಬಾರದು, ಕೆಮ್ಮಬಾರದು, ನಿದ್ದೆ ಮಾಡಬಾರದು. ಹುಟ್ಟಿದಾಗಿನಿಂದ ಮುಕ್ಕಾಲು ತಾಸು ಸುಮ್ಮನಿದ್ದವನಲ್ಲ ಗುರುರಾಜ. ಜಂತಿ ಎಣಿಸಿದ, ಹನ್ನೊಂದು. ಮತ್ತೆ ಎಣಿಸಿದ. ಪರದೆ ಅವನಿಗೆ ಕಾಣುವಂತಿರಲಿಲ್ಲ, ನಿಷತಳ ಮುಖ ಮಾತ್ರ ಕಾಣುತ್ತಿತ್ತು, ಅದನ್ನೇ ಓದಲು ನೋಡಿದ. ಅವಳು ಒಮ್ಮೆ ಹುಬ್ಬು ಗಂಟಿಕ್ಕಿದಳು, 'ಖಾಲಿ ಹೊಟ್ಟಿಗೆ ಛೊಲೋನ ಐತಿ. ಇರ್ಲಿ, ಉಂಡ ಮ್ಯಾಲ ಕೆಡ್ತಿರಬೇಕು' ಎಂದು ತನಗೇ ಹೇಳಿಕೊಂಡಳು. ಅಡುಗೆಮನೆಯಲ್ಲಿ ಖಾತುನಬಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಮೂವತ್ತೊಂಬತ್ತು ಜನಕ್ಕೂ ಒಂದೇ ಅಳತೆಯ ಊಟ: ಒಂದೂವರೆ ಜೋಳದ ರೊಟ್ಟಿ, ತಕ್ಕಡಿಯಲ್ಲಿ ತೂಗಿದ ಹೆಸರುಕಾಳಿನ ಪಲ್ಯ, ಅರ್ಧ ಬಟ್ಟಲು ಮೊಸರು. ರೋಗಿಗೂ ಅದೇ ಕೊಡಬೇಕು, ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ಮನೆಯಿಂದ ಡಬ್ಬಿ ತರುತ್ತೇನೆ ಎಂದು ಅವನು ಹೇಳಿ ನೋಡಿದ್ದ, ನಡೆದಿರಲಿಲ್ಲ.

ಮಲಗಿದಲ್ಲೇ ಅವನಿಗೆ ಎರಡು ಭಯಗಳು ಅಕ್ಕಪಕ್ಕದಲ್ಲಿ ಕುಳಿತಿದ್ದವು. ಉಂಡ ಮೇಲೂ ತಾಳ ಸರಿ ಇದ್ದರೆ ಸುಳ್ಳುಗಾರನೆಂದಾಗುತ್ತದೆ. ಅದು ಒಂದು. ಇನ್ನೊಂದು ಅದಕ್ಕಿಂತ ಕೆಟ್ಟದ್ದು: ಈ ಮನೆಯ ತುತ್ತು ಒಳಗಿಳಿದ ಕೂಡಲೇ, ಅವನಿಗೆ ಗೊತ್ತಿಲ್ಲದ ಯಾವುದೋ ಮೂಲೆಯಲ್ಲಿ, ರಂಗೂಬಾಯಿ ಎದ್ದು ಕುಳಿತು ಹೊಟ್ಟೆಯನ್ನು ತಿರುವಿಬಿಟ್ಟರೆ? ಹೇಸಿಕೆಯಾದರೂ ತಾಳ ತಪ್ಪುತ್ತದೆಂದು ನಿಷತ ಹೇಳಿದ್ದಳು. ನಲವತ್ತು ವರ್ಷ ತಾನು ಹೊಸ ಕಾಲದವನೆಂದು ತಿರುಗಿದ್ದು ಒಂದು ಕಡೆ, ಹೊಟ್ಟೆಯ ಸಾಕ್ಷಿ ಒಂದು ಕಡೆ. ತಾಳ ತಪ್ಪಿದರೆ ಈ ಮನೆಯವರು ರೋಗವೆಂದುಕೊಳ್ಳುತ್ತಾರೆ, ಅವನ ಮಾನ ಉಳಿಯುತ್ತದೆ. ಒಳಗಿನ ಮಾತು ಅವನೊಬ್ಬನಿಗೇ ಗೊತ್ತಿರುತ್ತದೆ. ಯಾವುದು ಆಗಲಿ ಎಂದು ಬೇಡಿಕೊಳ್ಳಬೇಕೋ ತಿಳಿಯದೆ ಅವನು ದೇವರನ್ನು ಆ ಗೋಜಿಗೆ ಎಳೆಯಲಿಲ್ಲ.

ಅಳತೆ ಮುಗಿದು ಅವನು ಎದ್ದು ಕುಳಿತಾಗ ಖಾತುನಬಿ ತಟ್ಟೆ ತಂದು ತೊಡೆಯ ಮೇಲಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. 'ಸಾವಕಾಶ ಉಣ್ರಿ ಅಣ್ಣಾರ. ಆಗಲಿಲ್ಲಂದ್ರ ಬಿಟ್ಟಬಿಡ್ರಿ. ಖಾರ ಹಾಕಿಲ್ಲ, ಎಣ್ಣಿ ಹನಿ ಅಷ್ಟ ಮುಟ್ಟಿಸೇನಿ' ಎಂದು, ವಾಂತಿಯಾದರೆ ಇರಲಿ ಎಂದು ಒಂದು ಬೋಗುಣಿಯನ್ನೂ ದಿವಾನದ ಕೆಳಗೆ ಸರಿಸಿದಳು. ಗುರುರಾಜ ರೊಟ್ಟಿ ಮುರಿದ. ಒಲೆಯ ಮೇಲೆ ಉಬ್ಬಿ ಇಳಿದ ರೊಟ್ಟಿ, ಒಂದೆಡೆ ಎರಡು ಸುಟ್ಟ ಚುಕ್ಕೆ. ಮೊದಲ ತುತ್ತನ್ನು ಬಾಯಲ್ಲಿಟ್ಟುಕೊಂಡು ಒಳಗಿನಿಂದ ಯಾರಾದರೂ ಕೂಗುತ್ತಾರೆಯೇ ಎಂದು ಕಾದ. ಯಾರೂ ಕೂಗಲಿಲ್ಲ. ಎರಡನೆಯ ತುತ್ತಿಗೆ ಕಾಯುವುದು ಮರೆತುಹೋಯಿತು. ಇಷ್ಟು ರುಚಿಯಾದ ಹೆಸರುಕಾಳನ್ನು ಅವನು ಯಾವ ಮನೆಯಲ್ಲೂ ಉಂಡಿರಲಿಲ್ಲ. ರೋಗಿಯಂತೆ ನಿಧಾನಕ್ಕೆ ಉಣ್ಣಬೇಕೆಂದು ನೆನಪಾದಾಗ ತಟ್ಟೆ ಬರಿದಾಗಿತ್ತು, ಬೆರಳು ತಟ್ಟೆಯ ಅಂಚನ್ನು ಒರೆಸುತ್ತಿತ್ತು. ಅವನಿಗೆ ಬಹಳ ಸಂತೋಷವಾಗಿತ್ತು, ಆ ಸಂತೋಷಕ್ಕೆ ನಾಚಿಕೆಯೂ ಆಯಿತು.

ಮತ್ತೆ ಮಲಗಿಸಿದರು. ಮತ್ತೆ ಮುಕ್ಕಾಲು ತಾಸು. ಹತ್ತು ನಿಮಿಷ ಕಳೆದಿರಬೇಕು, ನಿಷತ ವೈರುಗಳನ್ನೊಮ್ಮೆ ಮುಟ್ಟಿ ನೋಡಿದಳು. ಲ್ಯಾಪ್‌ಟಾಪಿನ ಮೇಲೆ ಏನೋ ಒತ್ತಿದಳು, ಮತ್ತೆ ಒತ್ತಿದಳು. ಇಪ್ಪತ್ತು ನಿಮಿಷವಾಗುವ ಹೊತ್ತಿಗೆ ಅವಳ ಮುಖ ಸಣ್ಣದಾಗಿತ್ತು. 'ಅಬ್ಬಾ, ಇಲ್ಲಿ ಬರ್ರಿ' ಎಂದು ತಂದೆಯನ್ನು ಕರೆದಳು.

'ಯಾಕವಾ?'

'ಮಷೀನ್ ಸುಳ್ಳ ಐತಿ. ನೋಡ್ರಿಲ್ಲೆ, ನಿಮಿಷಕ್ಕ ಮೂರು. ಉಂಡ ಮ್ಯಾಲ ಅಲೆ ದೊಡ್ಡದಾಗೇತಿ, ಹೆಂಗ ಆಗಬೇಕೋ ಹಂಗ. ದುರ್ಗವ್ವಗಿಂತ ಛೊಲೋ ಐತಿ. ಇಪ್ಪತ್ತೆರಡು ವರ್ಷದ ರೋಗ ಇದಕ್ಕ ಕಾಣವಲ್ದು.' ಅವಳ ದನಿ ಒಡೆಯಿತು. 'ಇಂಥಾ ರೋಗಿನ್ನ ಹಿಡೀಲಾರದ್ದು ಆ ಮೂವತ್ತೊಂಬತ್ತು ಮಂದೀದು ಏನ್ ಅಳದಿರಬೇಕು? ಎರಡು ವರ್ಷ ನೀರಾಗ ಹೋತು. ನಾಳೆ ಸರ್‌ಗೆ ಎಲ್ಲಾ ತಗದ ಹಾಕಿನಂತ ಹೇಳಿಬಿಡ್ತೇನಿ.'

ಬದುಕಿದೆ ಎಂದುಕೊಂಡ ಗುರುರಾಜ. ಅದೇ ಅವನಿಗೆ ಮೊದಲು ಹೊಳೆದದ್ದು, ಅದನ್ನು ಅವನು ಆಮೇಲೂ ಮುಚ್ಚಿಟ್ಟುಕೊಳ್ಳಲಿಲ್ಲ. ಇಪ್ಪತ್ತೆರಡು ವರ್ಷದ ಸುಳ್ಳಿಗೆ ಇವರು ಯಂತ್ರವನ್ನು ಬೈಯುತ್ತಿದ್ದರು, ಅವನನ್ನಲ್ಲ. ವಿಜ್ಞಾನಕ್ಕಿಂತ ಅವನ ಮಾತನ್ನು ಹೆಚ್ಚು ನಂಬಿದ್ದರು. ಸುಮ್ಮನೆ ಮಲಗಿದ್ದರೆ ಸಾಕಿತ್ತು, ಸುಮ್ಮನಿರಬೇಕೆಂಬುದೇ ಇಲ್ಲಿಯ ನಿಯಮ ಬೇರೆ. ನಿಷತ ದುಪಟ್ಟಾದ ತುದಿಯಿಂದ ಕಣ್ಣು ಒತ್ತಿಕೊಂಡು ವಹಿಯ ಹಾಳೆಗಳನ್ನು ಹಿಂದಕ್ಕೆ ತಿರುವುತ್ತಿದ್ದಳು: ಇಂಗಳೇಶ್ವರದ ಸಿದ್ದರಾಯ, ಗೊಳಸಂಗಿಯ ದುರ್ಗವ್ವ, ಎಂಟನೆಯ ಹೊಟ್ಟೆ, ಏಳನೆಯ ಹೊಟ್ಟೆ. ಮೊದಲ ಹಾಳೆಗೆ ಬಂದು ಪೆನ್ನಿನ ಮುಚ್ಚಳ ತೆಗೆದಳು. ಒಂದು ಹುಡುಗಿ ತಾನು ಕಂಡದ್ದನ್ನು ಕಂಡಿಲ್ಲವೆಂದು ತನ್ನ ಕೈಯಾರೆ ಬರೆಯಲು ಹೊರಟಿದ್ದಳು. ಮೂವತ್ತು ವರ್ಷ ಮಕ್ಕಳಿಗೆ, ಕಣ್ಣಾರೆ ಕಂಡದ್ದನ್ನು ಬರೀರಿ, ಪಕ್ಕದವನ ವಹಿ ನೋಡಬ್ಯಾಡ್ರಿ ಎಂದು ಹೇಳಿದ ಬಾಯಿ ಅವನದು.

'ಮಷೀನ್ ಖರೇ ಹೇಳ್ಲಿಕತ್ತದವಾ' ಎಂದ.

'ಮಾತಾಡಬ್ಯಾಡ್ರಿ ಕಾಕಾ, ಅಲೆ ಕೆಡ್ತಾವ.'

'ಕೆಡ್ಲಿ. ನನ್ನ ಹೊಟ್ಟಿಗೆ ಹುಟ್ಟಿದಾಗಿಂದ ಏನೂ ಆಗಿಲ್ಲ. ನಿನ್ನೆ ಆರು ಭಜಿ ತಿಂದೀನಿ, ಅವೂ ಜೀರ್ಣ ಆಗ್ಯಾವ. ನಾನ ಸುಳ್ಳ ಹೇಳಿದ್ದು.'

ನಿಷತಳಿಗೆ ನಿಜವಾಗಿಯೂ ತಿಳಿಯಲಿಲ್ಲ. 'ಯಾಕ್ರಿ?' ಎಂದಳು, ಗಣಿತದ ಹಂತವೊಂದು ಬಿಟ್ಟುಹೋದಾಗ ಮಕ್ಕಳು ಕೇಳುವ ಹಾಗೆ. ಅವಳು ಅಷ್ಟು ಮುಗ್ಧವಾಗಿ ಕೇಳದಿದ್ದರೆ ಅವನು ಬಳಸಿ ಹೇಳುತ್ತಿದ್ದನೇನೋ, ತಾಯಿಯ ಮಡಿ, ಆ ಕಾಲ, ಪರಿಸ್ಥಿತಿ ಎಂದು.

'ನಿಮ್ಮ ಮನ್ಯಾಗ ಉಣಬಾರದು ಅಂತ.'

ಕಾಸಿಂಸಾಬರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಅಂಗಳಕ್ಕೆ ಇಳಿದು ಹೋದರು. ನಿಷತ ಗಡಿಯಾರ ನೋಡಿದಳು. 'ಇನ್ನ ಇಪ್ಪತ್ತೆರಡು ನಿಮಿಷ ಐತಿ. ಅಲುಗಾಡಬ್ಯಾಡ್ರಿ' ಎಂದಳು. ಕಾಕಾ ಎನ್ನಲಿಲ್ಲ. ವಹಿಯಲ್ಲಿ 'ರೋಗಿ' ಎಂದಿದ್ದನ್ನು ಹೊಡೆದು 'ಆರೋಗ್ಯವಂತ, ನಲವತ್ತು' ಎಂದು ಬರೆದಳು. ಈ ಮನೆಯಲ್ಲಿ ಅವನಿಗೆ ಸಿಕ್ಕ ಅತ್ಯಂತ ದೊಡ್ಡ ಬೈಗುಳ ಅದು. ಎದ್ದು ಹೋಗಬೇಕೆಂದರೆ ಹೊಟ್ಟೆಗೆ ಆರು ವೈರು. ಜಗತ್ತಿನಲ್ಲಿ ಅಪರಾಧ ಒಪ್ಪಿಕೊಂಡವರೆಲ್ಲ ತಲೆ ತಗ್ಗಿಸಿ ಹೊರಗೆ ನಡೆಯುತ್ತಾರೆ, ಅವನೊಬ್ಬ ಬೋಳಿಸಿದ ಹೊಟ್ಟೆಯನ್ನು ಬಿಟ್ಟುಕೊಂಡು ಅಂಗಾತ ಮಲಗಿರಬೇಕಾಯಿತು. ಎದೆ ದಡಬಡಿಸುತ್ತಿತ್ತು, ಕಿವಿ ಕಾದಿದ್ದವು, ಅಂಗೈ ಒದ್ದೆಯಾಗಿತ್ತು. ಹೊಟ್ಟೆ ಮಾತ್ರ, ನಿಷತ ತನಗೆ ತಾನೇ ಗುನುಗಿಕೊಂಡ ಪ್ರಕಾರ, ನಿಮಿಷಕ್ಕೆ ಮೂರು. ಇಂಥ ಭಂಡ ಅಂಗವನ್ನು ದೇವರು ಇನ್ನೊಂದು ಮಾಡಿಲ್ಲ ಎಂದುಕೊಂಡ.

ಅಡುಗೆಮನೆಯ ಬಾಗಿಲಲ್ಲಿ ಖಾತುನಬಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೈಗೆ ಹತ್ತಿದ ಹಿಟ್ಟು ಒಣಗಿತ್ತು. ಓಂಕಾಳಿನ ಡಬ್ಬಿಗಳ ಬಗ್ಗೆ, ಸಾವಿರ ಗುರುವಾರಗಳ ಸಕ್ಕರೆಯ ಬಗ್ಗೆ ಅವಳು ಈಗ ಕೇಳುತ್ತಾಳೆಂದು ಅವನು ಕಣ್ಣು ಮುಚ್ಚಿಕೊಂಡ.

'ಹಂಗಾರ ಅಣ್ಣಾರ, ಅಷ್ಟೂ ವರ್ಷ ನಮ್ಮ ಮನ್ಯಾಗ ನೀವು ಹಸಕೊಂಡ ಕುಂದರತಿದ್ರಿ?'

ಅವನು ಬಾಯಿ ತೆರೆದ. ನಿಷತ ಪರದೆಯಿಂದ ಕಣ್ಣು ತೆಗೆಯದೆ ಬೆರಳೆತ್ತಿದಳು. ಹೀಗಾಗಿ ಇಪ್ಪತ್ತು ನಿಮಿಷ ಆ ಪ್ರಶ್ನೆ ಪಡಸಾಲೆಯಲ್ಲೇ ಇತ್ತು. ಖಾತುನಬಿ ಉತ್ತರಕ್ಕಾಗಿ ಬಾಗಿಲಲ್ಲೇ ಕುಳಿತಳು. ಅವನಿಗೆ ಆ ಹಬ್ಬಗಳೆಲ್ಲ ನೆನಪಿಗೆ ಬಂದವು, ಒಂದರ ಹಿಂದೊಂದು. ಶಾಲೆಯಿಂದ ನೇರವಾಗಿ ಬಂದು ಗೋಡೆಗೆ ಆನಿಕೊಂಡು ಕುಳಿತ ಮಧ್ಯಾಹ್ನಗಳು, ಏಲಕ್ಕಿಯ ವಾಸನೆ, ಎಲ್ಲರ ಬಟ್ಟಲಿನಲ್ಲಿ ಚಮಚದ ಸಪ್ಪಳ, ಬಾಯಲ್ಲಿ ನೀರು ಬಂದು ಅದನ್ನು ಸಪ್ಪಳವಾಗದ ಹಾಗೆ ನುಂಗಿದ್ದು. ಅದನ್ನು ಅವನು ಇಷ್ಟು ವರ್ಷ ನೆನೆದೇ ಇರಲಿಲ್ಲ. ಸುಳ್ಳು ಹೇಳಿದ್ದು ನೆನಪಿತ್ತು, ಹಸಿದದ್ದು ಮರೆತಿತ್ತು.

'ಆತು' ಎಂದಳು ನಿಷತ. ಬಿಲ್ಲೆಗಳನ್ನು ಕೀಳಲು ತಂದೆಯನ್ನು ಕರೆಯದೆ ತಾನೇ ಕಿತ್ತಳು, ಸ್ವಲ್ಪ ಜೋರಾಗಿಯೇ. 'ಈಗ ಮಾತಾಡ್ರಿ.' ಕಾಸಿಂಸಾಬರು ಅಂಗಳದಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

'ಹೌದ್ರಿ ಭಾಬಿ' ಎಂದ ಗುರುರಾಜ, ಎದ್ದು ಕುಳಿತು. 'ಭಾಳ ಹಸಿವಿ ಆಗ್ತಿತ್ತು.'

ಖಾತುನಬಿಯ ಕಣ್ಣಲ್ಲಿ ನೀರು ತುಂಬಿತು. ಅವಳು ಅವನ ಕಡೆ ನೋಡಲಿಲ್ಲ, ಗಂಡನ ಕಡೆ ತಿರುಗಿದಳು. 'ಕೇಳಿದ್ರ್ಯಾ? ಹಸದ ಮನಷ್ಯಾನ ಮುಂದ ಕುಂತು ಇಪ್ಪತ್ತೆರಡು ವರ್ಷ ಉಂಡೇವಿ. ಮಗಳಿಗೆ ಉಣಿಸೇವಿ. ಈ ಗುನ್ಹೆ ಯಾರ ಮ್ಯಾಲ ಬರತೈತ್ರಿ?'

'ನನ್ನ ಮ್ಯಾಲ್ರಿ ಭಾಬಿ' ಎಂದ ಗುರುರಾಜ. ಜೀವನದಲ್ಲಿ ಇಷ್ಟು ಬೇಗ ಅವನು ಯಾವ ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ.

'ಅಲ್ಲ' ಎಂದಳು ಅವಳು, ಕಣ್ಣೊರೆಸಿಕೊಂಡು. 'ನೀವು ಸುಳ್ಳ ಹೇಳಿದ್ರಿ, ಅದು ನಿಮ್ಮದು. ಉಂಡವರು ನಾವು.'

ಯಾರೂ ಅವನನ್ನು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಗುರುರಾಜ ಅಂಗಿ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಳಿತಿದ್ದ.